ಮೂಲೆಯ ಬೆಸುಗೆ: ಮನೆಯಲ್ಲಿ ಕಟ್ಟಿದ ಕಾರುಗಳ ಪೂರ್ವೋತ್ತರ

ಮೋಟಾರು ವಾಹನದ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ಎಂಜಿನ್ನಿನ ಶಕ್ತಿಯನ್ನೂ ಪಂದ್ಯದ ವೇಗವನ್ನೂ ಹೊರಮೈಯ ಅಂದವನ್ನೂ ವಿಸ್ತಾರವಾಗಿ ಕೊಂಡಾಡಿ, ಅವೆಲ್ಲವನ್ನೂ ಹೊತ್ತು ನಿಂತಿರುವ ಚಾಸಿಸ್ಸಿನ ಮಾತು ಬಂದಾಗ ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಟ್ಟಿದ್ದಾರೆ. ಆದರೆ ಕಾರ್ಖಾನೆಯ ನೆರವಿಲ್ಲದೆ, ತನ್ನ ಮನೆಯ ಹಿತ್ತಲಿನ ಕೊಟ್ಟಡಿಯಲ್ಲಿ, ತನ್ನ ಕೈಯಿಂದಲೇ ಒಂದು ಕಾರನ್ನು ಕಟ್ಟಲು ಹೊರಟವನಿಗೆ ಚಾಸಿಸ್ಸೇ ಮೊದಲ ಪ್ರಶ್ನೆ. ಎಂಜಿನ್ನನ್ನು ಹಳೆಯ ಗಾಡಿಯಿಂದ ಕಳಚಿಕೊಳ್ಳಬಹುದು. ಗಾಲಿ, ಗೇರು, ಸ್ಟಿಯರಿಂಗುಗಳನ್ನು ಗುಜರಿಯಲ್ಲಿ ಆಯ್ದು ತರಬಹುದು. ಚೌಕಟ್ಟನ್ನು ಮಾತ್ರ ತಾನೇ ನಿರ್ಮಿಸಬೇಕು. ಆ ನಿರ್ಮಾಣದಲ್ಲಿ ಅವನ ವಿದ್ಯೆಯೆಲ್ಲವೂ ಪರೀಕ್ಷೆಗೊಳಗಾಗುವ ಸ್ಥಾನವೆಂದರೆ, ಮೂರು ನಾಲ್ಕು ಉಕ್ಕಿನ ಕೊಳವೆಗಳು ಬೇರೆ ಬೇರೆ ದಿಕ್ಕುಗಳಿಂದ ಬಂದು ಕೂಡಿಕೊಳ್ಳುವ, ಬೆಸುಗೆಯ ಟಾರ್ಚಿನ ಮೂತಿಗೂ ನೋಡುವ ಕಣ್ಣಿಗೂ ಸಲೀಸಾಗಿ ಎಡೆಗೊಡದ ಇಕ್ಕಟ್ಟಾದ ಮೂಲೆ. ಈ ಮೂಲೆಯನ್ನು ಬೆಸೆಯುವ ಬಗೆ ಕಾಲದಿಂದ ಕಾಲಕ್ಕೆ ಹೇಗೆ ಮಾರ್ಪಟ್ಟಿತೆಂಬುದನ್ನು ಹಿಂಬಾಲಿಸಿದರೆ ಮನೆಯಲ್ಲಿ ಕಾರು ಕಟ್ಟುವ ಪದ್ಧತಿಯ ಇತಿಹಾಸವೇ ಕಣ್ಣಮುಂದೆ ನಿಲ್ಲುತ್ತದೆ. ಈ ಪದ್ಧತಿ ಬಲವಾಗಿ ಬೇರೂರಿದ ದೇಶ ಇಂಗ್ಲೆಂಡಾದ್ದರಿಂದ ನಮ್ಮ ವಿವೇಚನೆಯೂ ಮುಖ್ಯವಾಗಿ ಅಲ್ಲಿಗೇ ಸಂಬಂಧಿಸಿದ್ದು.

ಆ ಪದ್ಧತಿಗೆ ಮೂಲದ್ರವ್ಯವನ್ನು ಒದಗಿಸಿದ ವಾಹನ ಆಸ್ಟಿನ್ ಸೆವೆನ್. 1922ರಲ್ಲಿ ಹೊರಬಂದ ಈ ಪುಟ್ಟ ಕಾರು ಸಹ ಒಂದು ಮನೆಯಲ್ಲಿಯೇ ರೂಪುತಾಳಿತೆಂಬುದು ಗಮನಾರ್ಹವಾದ ಸಂಗತಿ: ತನ್ನ ಕಂಪನಿಯ ನಿರ್ದೇಶಕರ ಒಪ್ಪಿಗೆ ದೊರೆಯದಿದ್ದಾಗ ಹರ್ಬರ್ಟ್ ಆಸ್ಟಿನ್ನನು ಹದಿನೆಂಟರ ಹರೆಯದ ಸ್ಟ್ಯಾನ್ಲಿ ಎಡ್ಜ್ ಎಂಬ ನಕ್ಷೆಗಾರನನ್ನು ಜೊತೆಗಿರಿಸಿಕೊಂಡು, ತನ್ನ ನಿವಾಸವಾದ ಲಿಕೀ ಗ್ರೇಂಜಿನಲ್ಲಿ ಅದರ ನಕ್ಷೆಗಳನ್ನು ಸಿದ್ಧಪಡಿಸಿದನು. ಮಡಿಸಿದ ಉಕ್ಕಿನ ಎರಡು ತೆರೆದ ತೊಲೆಗಳು ಮುಂದುಗಡೆ ಒಂದನ್ನೊಂದು ಸಮೀಪಿಸಿ, ಹಿಂದಕ್ಕೆ ಹೋಗುತ್ತ ಅಗಲವಾಗುವ ಅತ್ಯಂತ ಸರಳವಾದ ಚೌಕಟ್ಟು ಅದರದು. 1939ರವರೆಗೆ ಇಂತಹ ಸುಮಾರು 2,90,000 ಕಾರುಗಳು ತಯಾರಾದುವು. ಮಹಾಯುದ್ಧ ಮುಗಿದು ಹೊಸ ಕಾರು ದುರ್ಲಭವೂ ದುಬಾರಿಯೂ ಆಗಿದ್ದ ದಿನಗಳಲ್ಲಿ ಹಳೆಯ ಸೆವೆನ್‌ಗಳು ಅಗ್ಗವಾಗಿ ದೊರೆಯುತ್ತಿದ್ದುವು. 1939ರಲ್ಲಿಯೇ ಸ್ಥಾಪಿತವಾಗಿದ್ದ 750 ಮೋಟಾರ್ ಕ್ಲಬ್ ಎಂಬ ಸಂಘ, ಸೆವೆನ್ನಿನ 747 ಘನ ಸೆಂಟಿಮೀಟರಿನ ಎಂಜಿನ್ನನ್ನು ಆಧಾರವಾಗಿಟ್ಟುಕೊಂಡು ಅಲ್ಪಾದಾಯದ ಉತ್ಸಾಹಿಗಳಿಗಾಗಿ ಪಂದ್ಯಗಳನ್ನು ಏರ್ಪಡಿಸಿತು. ಹಳೆಯ ಮೈಯನ್ನು ಕಿತ್ತೆಸೆದು, ಚೌಕಟ್ಟನ್ನು ಉಳಿಸಿಕೊಂಡು, ಅದರ ಮೇಲೆ ತನ್ನ ಕಲ್ಪನೆಯ ಕಾರನ್ನು ಕಟ್ಟುವುದು ಸಾಮಾನ್ಯ ಗೃಹಸ್ಥನಿಗೂ ಎಟುಕುವ ಹವ್ಯಾಸವಾಯಿತು.

ಆದರೆ ಆ ಚೌಕಟ್ಟಿಗೆ ಒಂದು ಮೂಲಭೂತವಾದ ದೌರ್ಬಲ್ಯವಿತ್ತು. ಬಿದಿರಿನ ಏಣಿಯೊಂದರ ಎರಡು ತುದಿಗಳನ್ನು ಇಬ್ಬರು ಹಿಡಿದು ಎದುರುಬದುರಾಗಿ ತಿರುಚಿದರೆ ಅದು ಹೇಗೆ ಅನಾಯಾಸವಾಗಿ ನುಲಿದುಕೊಳ್ಳುವುದೋ, ಎರಡು ಉದ್ದ ತೊಲೆಗಳನ್ನು ಕೆಲವು ಅಡ್ಡಪಟ್ಟಿಗಳಿಂದ ಜೋಡಿಸಿದ ಚಾಸಿಸ್ಸೂ ಹಾಗೆಯೇ ಪ್ರತಿ ತಿರುವಿನಲ್ಲಿಯೂ ನುಲಿಯುತ್ತದೆ. ತೆರೆದ ತೊಲೆಯ ಬಾಯಿಗೆ ಉಕ್ಕಿನ ಪಟ್ಟಿಯನ್ನು ಬೆಸೆದು ಅದನ್ನು ನಾಲ್ಕು ಗೋಡೆಯ ಪೆಟ್ಟಿಗೆಯನ್ನಾಗಿ ಮಾಡುವುದು ಅಂದಿನ ಹವ್ಯಾಸಿಗಳು ಕಂಡುಕೊಂಡ ಪ್ರಥಮ ಪರಿಹಾರ. ಈ ಬೆಸುಗೆಯಲ್ಲಿ ಮೂಲೆಯ ಕಷ್ಟವಿಲ್ಲ; ಅದು ನೇರವಾದ, ಬಯಲಾದ, ಕೈಗೆಟುಕುವ ಗೆರೆ. ಚೌಕಟ್ಟು ಸಮತಲದಲ್ಲಿರುವವರೆಗೂ ಬೆಸುಗೆಗಾರನಿಗೆ ಇಕ್ಕಟ್ಟೆಂಬುದು ಎದುರಾಗಲಿಲ್ಲ. ಚೌಕಟ್ಟು ಎತ್ತರವನ್ನೂ ಪಡೆದು ಮೂರು ಆಯಾಮಗಳಲ್ಲಿ ಹಬ್ಬಿದಾಗ ಆ ಸಮಸ್ಯೆ ಹುಟ್ಟಿತು. ಹಾಗೆ ಹಬ್ಬಿದ ಚೌಕಟ್ಟಿನ ವಂಶಮೂಲವಿರುವುದು ವಿಮಾನಗಳಲ್ಲಿ.

ವಿಮಾನಗಳಲ್ಲಿ ಅಂತಹ ಚೌಕಟ್ಟನ್ನು ಸಾಧ್ಯವಾಗಿಸಿದ್ದು ಅನಿಲದ ಬೆಸುಗೆ. 1892ರಲ್ಲಿ ಅಮೆರಿಕದಲ್ಲಿ ಥಾಮಸ್ ವಿಲ್ಸನ್ನನು ನಡೆಸಿದ ಪ್ರಯೋಗಗಳಿಂದ ಕ್ಯಾಲ್ಸಿಯಂ ಕಾರ್ಬೈಡನ್ನು ವಿಪುಲವಾಗಿ ತಯಾರಿಸುವ ಮಾರ್ಗ ದೊರೆತ ಮೇಲೆ ಅಸಿಟಿಲೀನ್ ಅನಿಲ ಸುಲಭವಾಗಿ ಲಭ್ಯವಾಯಿತು. ಆ ಅನಿಲವನ್ನು ಆಮ್ಲಜನಕದೊಡನೆ ಉರಿಸಿದರೆ ಸುಮಾರು 3,100 ಡಿಗ್ರಿ ಸೆಲ್ಸಿಯಸ್ಸಿನ ಜ್ವಾಲೆ ಹುಟ್ಟುತ್ತದೆ. ಇಪ್ಪತ್ತನೆಯ ಶತಮಾನದ ಪ್ರಾರಂಭದ ವರ್ಷಗಳಲ್ಲಿ ಫ್ರಾನ್ಸಿನವರು ಈ ಜ್ವಾಲೆಯನ್ನು ಕೈಯಲ್ಲಿ ಹಿಡಿಯಬಹುದಾದ ಟಾರ್ಚಿಗೆ ಅಳವಡಿಸಿದರು. ತೆಳ್ಳಗಿನ ಉಕ್ಕಿನ ಕೊಳವೆಗಳ ತುದಿಗಳನ್ನು ಪರಸ್ಪರ ಕರಗಿಸಿ ಒಂದಾಗಿಸುವ ಶಕ್ತಿ ಮಾನವನ ಕೈಗೆ ಬಂದದ್ದು ಆಗ. ಜರ್ಮನಿಯಲ್ಲಿ ಆಂಟನಿ ಫೊಕ್ಕರನ ವಿಮಾನ ಕಾರ್ಖಾನೆಗೆ 1912ರಲ್ಲಿ ಬೆಸುಗೆಗಾರನಾಗಿ ಸೇರಿದ ರೈನ್‌ಹೋಲ್ಡ್ ಪ್ಲಾಟ್ಸ್ ಎಂಬಾತನು ವಿಮಾನದ ಒಡಲನ್ನು ಮರದಿಂದಲ್ಲದೆ ಬೆಸೆದ ಉಕ್ಕಿನ ಕೊಳವೆಗಳಿಂದ ಕಟ್ಟುವುದರಲ್ಲಿ ಪರಿಣತನಾಗಿ, ಕಾಲಕ್ರಮದಲ್ಲಿ ಆ ಕಾರ್ಖಾನೆಯ ವಿಮಾನಗಳ ವಿನ್ಯಾಸದಲ್ಲಿಯೇ ಪ್ರಮುಖ ಸ್ಥಾನವನ್ನು ಗಳಿಸಿದನು. ಟಾರ್ಚು ಹಿಡಿದ ಕೈ ನಕ್ಷೆಯ ಪೆನ್ಸಿಲನ್ನೂ ಹಿಡಿದ ಈ ನಿದರ್ಶನ ನಮ್ಮ ವಿಷಯಕ್ಕೆ ತೀರ ಮುಖ್ಯವಾದದ್ದು. ಯಾವ ಸಂಧಿ ಬೆಸುಗೆಗೆ ಎಟುಕುತ್ತದೆ, ಯಾವುದು ಎಟುಕುವುದಿಲ್ಲವೆಂಬುದನ್ನು ಅನುಭವದಿಂದ ಅರಿತವನು ಎಟುಕದ ಸಂಧಿಯನ್ನು ಕಾಗದದ ಮೇಲೆ ಬರೆಯುವುದೇ ಇಲ್ಲ.

ಕಾರಿನ ಪ್ರಪಂಚದಲ್ಲಿ ಬೆಸೆದ ಕೊಳವೆಗಳ ಈ ರಚನೆಯ ಒಂದು ಪ್ರಸಿದ್ಧ ನಿದರ್ಶನ 1952ರದು. ಆ ವರ್ಷ ಮರ್ಸಿಡಿಸ್ ಸಂಸ್ಥೆ, ರೂಡಾಲ್ಫ್ ಊಲೆನ್‌ಹೌಟನ ಮಾರ್ಗದರ್ಶನದಲ್ಲಿ, ಸಣ್ಣ ಕೊಳವೆಗಳ ತ್ರಿಕೋನಜಾಲದಿಂದ 300 ಎಸ್‌ಎಲ್ ಪಂದ್ಯದ ಕಾರನ್ನು ನಿರ್ಮಿಸಿತು. ಆ ಜಾಲ ಎರಡು ಪಕ್ಕಗಳಲ್ಲಿ ಎತ್ತರವಾಗಿ ನಿಂತದ್ದರಿಂದಲೇ ಅದರ ಬಾಗಿಲುಗಳನ್ನು ಮೇಲಕ್ಕೆ ತೆರೆಯುವಂತೆ ಮಾಡಬೇಕಾಯಿತು. ಅದೇ ವರ್ಷ ಲಂಡನ್ನಿನಲ್ಲಿ ಕಾಲಿನ್ ಚ್ಯಾಪ್ಮನ್ ಎಂಬ ಯುವಕ ಲೋಟಸ್ ಕಂಪನಿಯನ್ನು ಸ್ಥಾಪಿಸಿ, ಮಾರ್ಕ್ ಸಿಕ್ಸ್ ಎಂಬ ಕಾರನ್ನು ಬೆಳಕಿಗೆ ತಂದನು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಟ್ಟಡ ಸೇತುವೆಗಳ ರಚನಾಶಾಸ್ತ್ರವನ್ನು ವ್ಯಾಸಂಗ ಮಾಡಿದ್ದ ಚ್ಯಾಪ್ಮನ್ನನ ಮೊದಲ ಕಾರು ಹುಟ್ಟಿದ್ದು, ಮುಂದೆ ತನ್ನ ಪತ್ನಿಯಾಗಲಿದ್ದ ಹೇಜ಼ಲಳ ತಂದೆಯ ಮನೆಯ ಹಿಂದಿನ ಗ್ಯಾರೇಜಿನಲ್ಲಿ, ಹಳೆಯ ಆಸ್ಟಿನ್ ಸೆವೆನ್ ಚೌಕಟ್ಟಿನ ಮೇಲೆ. ಮಾರ್ಕ್ ಸಿಕ್ಸಿನ ಹೊತ್ತಿಗೆ ಅವನು ಆ ಹಳೆಯ ಚೌಕಟ್ಟನ್ನು ತ್ಯಜಿಸಿ, ದುಂಡು ಮತ್ತು ಚೌಕ ಕೊಳವೆಗಳನ್ನು ಸೇರಿಸಿ ತನ್ನದೇ ಆದ ಹಂದರವನ್ನು ರಚಿಸಿದನು. ಅದರ ಬರಿಯ ತೂಕ ಸುಮಾರು 55 ಪೌಂಡು, ಎಂದರೆ 25 ಕಿಲೋಗ್ರಾಂ ಮಾತ್ರ.

ಇಷ್ಟು ಹಗುರವಾದ ಚೌಕಟ್ಟು ಎಂಜಿನ್ನಿನ ಭಾರವನ್ನೂ ರಸ್ತೆಯ ಆಘಾತವನ್ನೂ ತಾಳುವುದರ ರಹಸ್ಯವಿರುವುದು ತ್ರಿಕೋನದಲ್ಲಿ. ಚತುಷ್ಕೋನವನ್ನು ಒತ್ತಿದರೆ ಅದು ಓರೆಯಾಗುತ್ತದೆ. ಅದರೊಳಗೆ ಒಂದು ಕರ್ಣವನ್ನು ಕೂಡಿಸಿದ ಮೇಲೆ ಅದು ಓರೆಯಾಗಬೇಕಾದರೆ ಆ ಕರ್ಣವೇ ಉದ್ದವಾಗಬೇಕು ಇಲ್ಲವೆ ಗಿಡ್ಡವಾಗಬೇಕು, ಉಕ್ಕು ಅದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಬಲವೆಲ್ಲವೂ ಕೊಳವೆಯ ಉದ್ದಕ್ಕೆ ಸೆಳೆತವಾಗಿಯೋ ಒತ್ತಡವಾಗಿಯೋ ಹರಿಯಬೇಕು, ಕೊಳವೆ ಬಾಗುವ ಪ್ರಸಂಗವೇ ಬರಬಾರದು ಎಂಬುದು ಈ ರಚನೆಯ ನಿಯಮ. ಅದಕ್ಕಾಗಿ ಎಲ್ಲ ಕೊಳವೆಗಳ ನಡುಗೆರೆಗಳೂ ಒಂದೇ ಬಿಂದುವಿನಲ್ಲಿ ಕೂಡಬೇಕೆಂದು ಶಾಸ್ತ್ರ ವಿಧಿಸುತ್ತದೆ. ಶಾಸ್ತ್ರಕ್ಕೆ ಇದು ಎಷ್ಟು ಪ್ರಿಯವೋ ಬೆಸುಗೆಗಾರನಿಗೆ ಅಷ್ಟೇ ಕಷ್ಟಕರ. ಗಣಿತದಲ್ಲಿ ಬಿಂದುವಿಗೆ ಗಾತ್ರವಿಲ್ಲ. ಆದರೆ ಒಂದಂಗುಲದ ನಾಲ್ಕು ಕೊಳವೆಗಳು ಒಂದೇ ಬಿಂದುವಿನತ್ತ ನುಗ್ಗಿದಾಗ ಅವುಗಳ ಮೈಗಳ ನಡುವೆ ಉಳಿಯುವ ಸಂದು ಬೆರಳೂ ತೂರದಷ್ಟು ಕಿರಿದಾಗುತ್ತದೆ. ಚೌಕಟ್ಟು ಶಾಸ್ತ್ರಸಮ್ಮತವಾದಷ್ಟೂ ಅದರ ಮೂಲೆ ಇಕ್ಕಟ್ಟಾಗುತ್ತ ಹೋಗುತ್ತದೆ.

ಅನಿಲದ ಜ್ವಾಲೆಗೆ ಇಂತಹ ಸಂದಿನಲ್ಲಿ ಒಂದು ಸಹಜವಾದ ಸಂಕಟವುಂಟು. ಮೂರು ಕಡೆಯ ಗೋಡೆಗಳಿಂದ ಮರಳುವ ಬಿಸಿಗೆ ಟಾರ್ಚಿನ ಮೂತಿಯೇ ಕಾದು, ಅನಿಲ ಮೂತಿಯೊಳಗೇ ಹೊತ್ತಿಕೊಂಡು ಪಟಪಟನೆ ಸಿಡಿಯುತ್ತದೆ. ಸಂಧಿಯ ತಳ ಇನ್ನೂ ಕರಗದಿರುವಾಗಲೇ ಕೊಳವೆಯ ಅಂಚುಗಳು ಕರಗಿ ತೂತು ಬೀಳುತ್ತವೆ. ಇದಕ್ಕೆ ಇಂಗ್ಲೆಂಡಿನ ಪಂದ್ಯದ ಕಾರುಗಳ ಕುಶಲಿಗಳು ಅನುಸರಿಸಿದ ಉಪಾಯ ಕಂಚಿನ ಬೆಸುಗೆ. ಉಕ್ಕು ಕರಗುವುದು ಸುಮಾರು 1,500 ಡಿಗ್ರಿಯಲ್ಲಿ. ಬೆಸುಗೆಯ ಕಂಚಿನ ಸರಳು ಕರಗುವುದು 900 ಡಿಗ್ರಿಯ ಆಸುಪಾಸಿನಲ್ಲಿ. ಸಂಧಿಯನ್ನು ತಿಕ್ಕಿ ಶುದ್ಧಗೊಳಿಸಿ, ಬಿಳಿಗಾರ ಮೊದಲಾದವುಗಳಿಂದ ತಯಾರಾದ ಫ್ಲಕ್ಸನ್ನು ಲೇಪಿಸಿ, ಇಡೀ ಗಂಟನ್ನು ಕೆಂಪಗೆ ಕಾಯಿಸಿದರೆ, ಜ್ವಾಲೆಯ ತುದಿ ತಾಗದ ಜಾಗಕ್ಕೂ ಕರಗಿದ ಕಂಚು ತಾನಾಗಿ ಹರಿದು, ಎರಡು ಕೊಳವೆಗಳ ನಡುವೆ ನುಣುಪಾದ ಇಳಿಜಾರಾಗಿ ನೆಲೆಗೊಳ್ಳುತ್ತದೆ. ಉಕ್ಕು ಕರಗದಿದ್ದುದರಿಂದ ಕೊಳವೆಯ ಗೋಡೆ ತೆಳುವಾಗುವ ಭಯವಿಲ್ಲ. ಚೌಕಟ್ಟು ಸೊಟ್ಟಗಾಗುವುದೂ ಕಡಮೆ. ಆದರೆ ಇದಕ್ಕೆ ಸಿಲಿಂಡರುಗಳೂ ಅನೇಕ ವರ್ಷಗಳ ಅಭ್ಯಾಸವೂ ಬೇಕು. ಸ್ವತಃ ಲೋಟಸ್ ಸಂಸ್ಥೆ ಕೂಡ ತನ್ನ ಚೌಕಟ್ಟುಗಳನ್ನು ಪ್ರೋಗ್ರೆಸ್ ಚಾಸಿಸ್ ಎಂಬ ನೆರೆಯ ಕಾರ್ಯಾಗಾರಕ್ಕೆ ಒಪ್ಪಿಸಿತ್ತು.

ಇಲ್ಲಿಂದ ಮುಂದೆ ಮನೆಯ ಕುಶಲಿಯ ಚರಿತ್ರೆ ಒಂದು ವಿಚಿತ್ರವಾದ ತಿರುವನ್ನು ಪಡೆಯುತ್ತದೆ. 1940ರಲ್ಲಿ ಬ್ರಿಟಿಷ್ ಸರಕಾರ ವಿಧಿಸಿದ ಖರೀದಿ ತೆರಿಗೆ ಸಿದ್ಧವಾದ ಹೊಸ ಕಾರಿನ ಮೇಲೆ ಬೀಳುತ್ತಿತ್ತು. ಬಿಡಿಭಾಗಗಳನ್ನು ಕೊಂಡು ತಾನೇ ಜೋಡಿಸಿಕೊಂಡವನಿಗೆ ಅದು ತಗಲುತ್ತಿರಲಿಲ್ಲ. 1957ರಲ್ಲಿ ಹೊರಬಂದ ಲೋಟಸ್ ಸೆವೆನ್ ಸಿದ್ಧರೂಪದಲ್ಲಿ ತೆರಿಗೆಸಹಿತ 1,036 ಪೌಂಡಿಗೂ, ಬಿಡಿಭಾಗಗಳಾಗಿ 536 ಪೌಂಡಿಗೂ ಮಾರಾಟವಾಯಿತು. ಇಷ್ಟು ಅಂತರವಿದ್ದ ಮೇಲೆ ಜನ ಭಾಗಗಳನ್ನು ಕೊಂಡು ಮನೆಗೆ ಒಯ್ದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಹಾಗೆ ಮನೆಗೆ ಬಂದ ಚೌಕಟ್ಟು ಪೂರ್ಣವಾಗಿ ಬೆಸೆದು ಬಂದದ್ದು. ಗೃಹಸ್ಥನಿಗೆ ಉಳಿದದ್ದು ನಟ್ಟು ಬೋಲ್ಟುಗಳನ್ನು ಬಿಗಿಯುವ ಕೆಲಸ. ಮನೆಯಲ್ಲಿ ಕಾರು ಜೋಡಿಸುವವರ ಸಂಖ್ಯೆ ಹೆಚ್ಚಿತು. ಕಾರಿನ ಹೃದಯಭಾಗವಾದ ಸಂಧಿಯ ವಿದ್ಯೆ ಮಾತ್ರ ಅವರ ಕೈಯಿಂದ ದೂರವೇ ಉಳಿಯಿತು. 1973ರ ಏಪ್ರಿಲ್ಲಿನಲ್ಲಿ ಆ ತೆರಿಗೆ ಹೋಗಿ ಮೌಲ್ಯವರ್ಧಿತ ತೆರಿಗೆ ಬಂದಾಗ ಬಿಡಿಭಾಗಗಳ ಸೌಲಭ್ಯ ಕೊನೆಗೊಂಡಿತು. ಲೋಟಸ್ ಸೆವೆನ್ ಕಾರಿನ ಹಕ್ಕು ಅದೇ ವರ್ಷ ಕೇಟರ್‌ಹ್ಯಾಮ್ ಸಂಸ್ಥೆಗೆ ಸೇರಿತು.

ಆ ವಿದ್ಯೆಯನ್ನು ಮರಳಿ ಮನೆಗೆ ತಂದದ್ದು ವಿದ್ಯುತ್ತು. ವಿದ್ಯುತ್ ಚಾಪದ ಬೆಸುಗೆ ಹಳೆಯದೇ: ರಷ್ಯದಲ್ಲಿ ಬೆನಾರ್ಡೋಸನು 1880ರ ದಶಕದಲ್ಲಿ ಅದನ್ನು ಸಾಧಿಸಿದ್ದನು, 1904ರ ವೇಳೆಗೆ ಸ್ವೀಡನ್ನಿನ ಆಸ್ಕರ್ ಚೆಲ್‌ಬರ್ಗನು ಸರಳಿಗೆ ಲೇಪನವನ್ನು ಹಚ್ಚುವ ಕ್ರಮವನ್ನು ರೂಢಿಗೆ ತಂದನು. ಆದರೆ ಆ ಸರಳಿನ ಉಗ್ರವಾದ ಚಾಪ ಹಡಗಿನ ಹಲಗೆಗೆ ಹಿತವೇ ಹೊರತು ಕಾಗದದಂತಹ ತೆಳು ಕೊಳವೆಗೆ ಹಿತವಲ್ಲ. 1941ರಲ್ಲಿ ಅಮೆರಿಕದ ನಾರ್ಥ್ರಪ್ ವಿಮಾನ ಕಂಪನಿಯ ರಸೆಲ್ ಮೆರೆಡಿತ್ತನು ಹೀಲಿಯಂ ಅನಿಲದ ಆವರಣದಲ್ಲಿ ಟಂಗ್‌ಸ್ಟನ್ ಕಡ್ಡಿಯಿಂದ ಚಾಪವನ್ನು ಹೊತ್ತಿಸುವ, ಇಂದು ಟಿಗ್ ಎಂದು ಪ್ರಸಿದ್ಧವಾಗಿರುವ ಪದ್ಧತಿಯನ್ನು ರೂಪಿಸಿದನು. 1948ರಲ್ಲಿ ಒಹಾಯೋದ ಬ್ಯಾಟೆಲ್ ಸಂಸ್ಥೆಯಲ್ಲಿ, ಕಡ್ಡಿಯ ಬದಲು ಸುರುಳಿಯಿಂದ ಎಡೆಬಿಡದೆ ಹೊರಬರುವ ತಂತಿಯೇ ಚಾಪವನ್ನು ಹೊತ್ತಿಸಿ ಪೂರಕಲೋಹವೂ ಆಗುವ ಮಿಗ್ ಪದ್ಧತಿ ಸಿದ್ಧವಾಯಿತು. ಮೊದಮೊದಲು ಇದೂ ದಪ್ಪ ಲೋಹಕ್ಕೇ ಮೀಸಲಾಗಿತ್ತು. 1950ರ ದಶಕದ ಕೊನೆಯಲ್ಲಿ, ತೆಳುವಾದ ತಂತಿಯ ತುದಿ ಲೋಹವನ್ನು ಮತ್ತೆ ಮತ್ತೆ ಮುಟ್ಟಿ, ಮುಟ್ಟಿದಾಗಲೆಲ್ಲ ಒಂದೊಂದು ಹನಿಯನ್ನು ಬಿಟ್ಟು ಹಿಂದೆಗೆಯುವಂತೆ, ಅದೂ ಒಂದು ಸೆಕೆಂಡಿನಲ್ಲಿ ಹಲವು ಹತ್ತು ಸಲ ನಡೆಯುವಂತೆ, ಕಡಮೆ ಶಾಖದ ವಿಧಾನವನ್ನು ಕಂಡುಕೊಂಡಾಗ, ತೆಳು ಉಕ್ಕನ್ನು ಯಾವ ಭಂಗಿಯಲ್ಲಿಯಾದರೂ, ತಲೆಯ ಮೇಲುಗಡೆಯಾದರೂ, ಬೆಸೆಯಲು ಸಾಧ್ಯವಾಯಿತು. ಮನೆಯ ಗೋಡೆಯ ಪ್ಲಗ್ಗಿಗೇ ಸಿಕ್ಕಿಸಬಹುದಾದ ಚಿಕ್ಕ ಮಿಗ್ ಯಂತ್ರಗಳು ಮುಂದಿನ ದಶಕಗಳಲ್ಲಿ ಬೀದಿಯ ಗ್ಯಾರೇಜಿಗೂ ಗೃಹಸ್ಥನ ಕೊಟ್ಟಡಿಗೂ ಬಂದುವು.

ಈ ಅನುಕೂಲವನ್ನು ಒಂದು ಲೋಕಪ್ರಿಯ ಪದ್ಧತಿಯನ್ನಾಗಿ ಮಾಡಿದ ಕೀರ್ತಿ ನಾರ್ತಂಪ್ಟನ್‌ಷೈರಿನ ಔಂಡಲ್ ಶಾಲೆಯ ಉಪಾಧ್ಯಾಯರಾಗಿದ್ದ ರಾನ್ ಚಾಂಪಿಯನ್ ಅವರಿಗೆ ಸಲ್ಲುತ್ತದೆ. 250 ಪೌಂಡಿನಷ್ಟು ಅಲ್ಪ ವೆಚ್ಚದಲ್ಲಿ ಸ್ವಂತ ಸ್ಪೋರ್ಟ್ಸ್ ಕಾರನ್ನು ಕಟ್ಟಿಕೊಳ್ಳುವ ಬಗೆಯನ್ನು ತಿಳಿಸುವ ಅವರ ಪುಸ್ತಕವನ್ನು ಹೇನ್ಸ್ ಪ್ರಕಾಶನ 1996ರಲ್ಲಿ ಹೊರತಂದಿತು. ಅದು ವಿವರಿಸಿದ್ದು ಲೋಟಸ್ ಸೆವೆನ್ನಿನ ಹೋಲಿಕೆಯ ಚೌಕಟ್ಟು: ಒಂದಂಗುಲದ ಚೌಕ ಕೊಳವೆ, ಅದರ ಗೋಡೆಯ ದಪ್ಪ 16 ಗೇಜ್, ಎಂದರೆ 1.6 ಮಿಲಿಮೀಟರ್, ಎಂಜಿನ್ ಮೊದಲಾದ ಅಂಗಗಳಿಗೆ ಒಂದು ಹಳೆಯ ಫೋರ್ಡ್ ಎಸ್ಕಾರ್ಟ್, ಕೆಲಸಕ್ಕೆ ಆಧಾರವಾಗಿ ಒಂದು ದೊಡ್ಡ ಮರದ ಹಲಗೆ. ದುಂಡು ಕೊಳವೆಯ ತುದಿಯನ್ನು ಇನ್ನೊಂದರ ಮೈಗೆ ಒಪ್ಪುವಂತೆ ಬಾಗಾಗಿ ಕೊರೆಯಬೇಕು. ಚೌಕ ಕೊಳವೆಯನ್ನು ಗರಗಸದಿಂದ ನೇರವಾಗಿ ಕೊಯ್ದರೆ ಸಾಕು. ಈ ಒಂದು ಆಯ್ಕೆಯಿಂದಲೇ ಅಸಂಖ್ಯ ಅನನುಭವಿಗಳಿಗೆ ಧೈರ್ಯ ಬಂದಿತೆನ್ನಬಹುದು. ಇಂಗ್ಲೆಂಡಿನ ಆಚೆಗೂ, ಯೂರೋಪ್, ಅಮೆರಿಕ, ಆಸ್ಟ್ರೇಲಿಯಗಳಲ್ಲಿಯೂ, ಲೋಕಾಸ್ಟ್ ಎಂಬ ಹೆಸರಿನಿಂದ ಈ ಬಗೆಯ ಕಾರುಗಳು ಹುಟ್ಟಿಕೊಂಡುವು; 750 ಮೋಟಾರ್ ಕ್ಲಬ್ಬು ಅವಕ್ಕೆಂದೇ ಪಂದ್ಯಗಳನ್ನು ನಡೆಸಿತು.

ಯಂತ್ರ ಸುಲಭವಾಯಿತೆಂದ ಮಾತ್ರಕ್ಕೆ ಮೂಲೆ ಸುಲಭವಾಗಲಿಲ್ಲ. ಮಿಗ್ ಟಾರ್ಚಿನ ತುದಿಯಲ್ಲಿರುವ ನಾಜ಼ಲ್ ಹೆಬ್ಬೆರಳಿನಷ್ಟಾದರೂ ದಪ್ಪವಿರುತ್ತದೆ. ಅದು ಸಂದಿನೊಳಕ್ಕೆ ಹೋಗದಿದ್ದರೆ ತಂತಿಯನ್ನು ಉದ್ದವಾಗಿ ಹೊರಕ್ಕೆ ಚಾಚಬೇಕಾಗುತ್ತದೆ. ಚಾಚಿದಷ್ಟೂ ವಿದ್ಯುತ್ತು ಕುಗ್ಗುತ್ತದೆ, ರಕ್ಷಕ ಅನಿಲ ಚದುರುತ್ತದೆ, ಗಾಳಿ ಸೇರಿ ಬೆಸುಗೆ ಸೂಕ್ಷ್ಮ ರಂಧ್ರಗಳಿಂದ ತುಂಬುತ್ತದೆ. ಮೇಲಾಗಿ ಚಾಪಕ್ಕೆ ಹತ್ತಿರದ ಲೋಹವನ್ನೇ ಅರಸುವ ಸ್ವಭಾವ. ಕಿರಿದಾದ ಕೋನದಲ್ಲಿ ಅದು ತಳಕ್ಕೆ ಇಳಿಯುವ ಮೊದಲೇ ಪಕ್ಕದ ಗೋಡೆಗೆ ಹಾರುತ್ತದೆ. ಮೇಲ್ನೋಟಕ್ಕೆ ತುಂಬಿದಂತೆ ಕಾಣುವ ಸಂಧಿ ಒಳಗೆ ಟೊಳ್ಳಾಗಿರುವುದು ಹೀಗೆ. ಎರಡು ಲೋಹಗಳ ನಡುವಣ ಕೋನ 30 ಡಿಗ್ರಿಗಿಂತ ಕಿರಿದಾದಲ್ಲಿ ಆ ಕಡೆಯ ಬೆಸುಗೆಯನ್ನು ಬಲದ ಲೆಕ್ಕಕ್ಕೆ ತೆಗೆದುಕೊಳ್ಳಬಾರದೆಂದು ಅಮೆರಿಕದ ಉಕ್ಕಿನ ಕಟ್ಟಡಗಳ ನಿಯಮಾವಳಿ ವಿಧಿಸಿರುವುದು ಸಕಾರಣವಾಗಿಯೇ ಇದೆ. ಮೊನಚಾದ ನಾಜ಼ಲನ್ನು ಹಾಕಿಕೊಳ್ಳುವುದು, ಟಿಗ್ ಆದರೆ ಅನಿಲವನ್ನು ಸಮವಾಗಿ ಹರಿಯಿಸುವ ಜಾಲರಿಯನ್ನು ಅಳವಡಿಸಿ ಕಡ್ಡಿಯನ್ನು ತುಸು ಮುಂದಕ್ಕೆ ಚಾಚುವುದು, ಸಂಧಿಯನ್ನು ಬೆಳ್ಳಗಾಗುವವರೆಗೆ ಉಜ್ಜುವುದು, ಎಟುಕುವ ಮೂರು ಮಗ್ಗುಲುಗಳನ್ನು ಆಳವಾಗಿ ಬೆಸೆದು ಎಟುಕದ ನಾಲ್ಕನೆಯದಕ್ಕೆ ತ್ರಿಕೋನದ ಉಕ್ಕಿನ ತಗಡನ್ನು ಒತ್ತಾಸೆಯಾಗಿ ಕೊಡುವುದು: ಇವು ರೂಢಿಯಲ್ಲಿರುವ ಉಪಾಯಗಳು.

ಆದರೆ ಉಪಕರಣಗಳ ಈ ಉಪಾಯಗಳಿಗಿಂತ ಮಿಗಿಲಾದದ್ದು ಕೆಲಸದ ಕ್ರಮ. ಇಲ್ಲಿ ಬೆಸುಗೆಗಾರನು ಪರಸ್ಪರ ವಿರುದ್ಧವಾದ ಎರಡು ನಿಯಮಗಳಿಗೆ ಸಿಕ್ಕಿಕೊಳ್ಳುತ್ತಾನೆ. ಬೆಸೆದ ಲೋಹ ಆರುವಾಗ ಸಂಕೋಚಗೊಂಡು ಕೊಳವೆಯನ್ನು ತನ್ನತ್ತ ಎಳೆಯುವುದರಿಂದ, ಒಂದು ಸಂಧಿಯನ್ನು ಪೂರ್ತಿಯಾಗಿ ಬೆಸೆದು ಮುಂದಿನದಕ್ಕೆ ಹೋದರೆ ಚೌಕಟ್ಟು ಸೊಟ್ಟಗಾಗುತ್ತದೆ. ಆದ್ದರಿಂದ ಎಲ್ಲ ಕೊಳವೆಗಳನ್ನೂ ಮೊದಲು ಅಲ್ಲಲ್ಲಿ ಟ್ಯಾಕ್ ಎಂಬ ಚಿಕ್ಕ ಹಂಗಾಮಿ ಬೆಸುಗೆ ಹಾಕಿ ನಿಲ್ಲಿಸಿ, ಕರ್ಣಗಳನ್ನು ಅಳೆದು ನೋಡಿ, ಅನಂತರ ಎಡಕ್ಕೊಂದು ಬಲಕ್ಕೊಂದರಂತೆ ಬೆಸೆಯುತ್ತ ಹೋಗಬೇಕು. ಇದು ಮೊದಲನೆಯ ನಿಯಮ. ಆದರೆ ಎಲ್ಲವನ್ನೂ ಮೊದಲೇ ನಿಲ್ಲಿಸಿದರೆ ಕೊನೆಯ ಕರ್ಣ ಬಂದು ಕುಳಿತ ಮೂಲೆಯೊಳಕ್ಕೆ ಟಾರ್ಚು ಹೋಗುವುದಿಲ್ಲ. ಒಂದು ಕೊಳವೆಯ ಸಂಧಿಯನ್ನು ಇನ್ನೊಂದು ಕೊಳವೆ ಮುಚ್ಚುವುದಾದರೆ ಮುಚ್ಚುವ ಮುನ್ನವೇ ಅದನ್ನು ಪೂರ್ಣವಾಗಿ ಬೆಸೆದಿರಬೇಕು. ಇದು ಎರಡನೆಯ ನಿಯಮ. ಒಂದನ್ನು ಅಕ್ಷರಶಃ ಪಾಲಿಸಿದವನ ಚೌಕಟ್ಟು ನೇರವಾಗಿದ್ದು ಒಳಗೆ ಬಲಹೀನವಾಗುತ್ತದೆ. ಇನ್ನೊಂದನ್ನು ಅಕ್ಷರಶಃ ಪಾಲಿಸಿದವನದು ಬಲವಾಗಿದ್ದು ವಕ್ರವಾಗುತ್ತದೆ. ಹಲಗೆಯ ಮೇಲೆ ಮೊದಲ ಕೊಳವೆಯನ್ನು ಇಡುವುದಕ್ಕೂ ಮುಂಚೆ, ಯಾವ ಸಂಧಿ ಯಾವಾಗ ಮುಚ್ಚಿಹೋಗುವುದೆಂಬುದನ್ನು ಮನಸ್ಸಿನಲ್ಲಿ ಕಡೆಯವರೆಗೆ ಕಟ್ಟಿ ನೋಡಿ, ಮುಚ್ಚುವ ಕೆಲವನ್ನು ಮಾತ್ರ ಮೊದಲೇ ಬೆಸೆದು, ಉಳಿದವನ್ನು ಟ್ಯಾಕಿನಲ್ಲಿಯೇ ಬಿಟ್ಟಿರುವ ವಿವೇಚನೆಯೇ ಈ ವಿದ್ಯೆಯ ಸಾರ. ನಮ್ಮಲ್ಲಿಯೂ, 2007ರಿಂದ ನಡೆಯುತ್ತಿರುವ, ವಿದ್ಯಾರ್ಥಿಗಳೇ ಕಟ್ಟಿದ ವಾಹನಗಳ ಬಾಹಾ ಸ್ಪರ್ಧೆಗಾಗಿ ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕೊಳವೆಗಳ ಪಂಜರವನ್ನು ಕಟ್ಟುವಾಗ ಎದುರಿಸುವುದು ಇದೇ ಧರ್ಮಸಂಕಟವನ್ನು.

ಈ ದೀರ್ಘ ವೃತ್ತಾಂತದಿಂದ ನಾವು ಗ್ರಹಿಸತಕ್ಕದ್ದು ಇಷ್ಟು. ಅನಿಲದ ಜ್ವಾಲೆಯ ಕಾಲದಿಂದ ಮಿಗ್ ತಂತಿಯ ಕಾಲದವರೆಗೆ ಉಪಕರಣಗಳು ಒಂದನ್ನೊಂದು ಮೀರಿಸುತ್ತ ಬಂದಿದ್ದರೂ, ಯಾವ ಉಪಕರಣವೂ ಕೆಟ್ಟದಾಗಿ ಯೋಚಿಸಿದ ಮೂಲೆಯನ್ನು ಉದ್ಧಾರಮಾಡಲಿಲ್ಲ. ನಕ್ಷೆ ಬರೆಯುವವನೊಬ್ಬ, ಬೆಸೆಯುವವನು ಮತ್ತೊಬ್ಬನಾದಲ್ಲಿ ನಕ್ಷೆಯ ತಪ್ಪನ್ನು ಬೆಸುಗೆಗಾರನು ಮೌನವಾಗಿ ತುಂಬಿಸಿ ಮುಚ್ಚಬೇಕಾಗುತ್ತದೆ. ಅದರ ಫಲ ರಸ್ತೆಯ ಮೇಲೆ ಪ್ರಕಟವಾಗುತ್ತದೆ. ಪ್ಲಾಟ್ಸನಲ್ಲಿ ಒಂದಾಗಿದ್ದ ಆ ಎರಡು ಪಾತ್ರಗಳನ್ನು ಕಾರ್ಖಾನೆ ಬೇರ್ಪಡಿಸಿತು. ಮನೆಯಲ್ಲಿ ಚಾಸಿಸ್ ಕಟ್ಟುವವನು, ತಾನರಿಯದೆಯೇ, ಅವನ್ನು ಮತ್ತೆ ಒಂದುಗೂಡಿಸಿದ್ದಾನೆ. ಅವನ ಕಾರಿನ ವೇಗವನ್ನೋ ಉಳಿತಾಯವನ್ನೋ ನಾನು ದೊಡ್ಡದೆಂದು ಎಣಿಸುವುದಿಲ್ಲ; ಅಲ್ಪ ಸಾಧನಗಳಿಂದ ಅವನು ಉಳಿಸಿಕೊಂಡಿರುವ ಈ ಐಕ್ಯವೇ ದೊಡ್ಡದು. ನಮ್ಮ ತಾಂತ್ರಿಕ ವಿದ್ಯಾಲಯಗಳಲ್ಲಿ ಒಂದು ಕೊಠಡಿಯಲ್ಲಿ ನಕ್ಷೆಯನ್ನೂ ಮತ್ತೊಂದು ಕೊಠಡಿಯಲ್ಲಿ ವೆಲ್ಡಿಂಗನ್ನೂ ಪ್ರತ್ಯೇಕವಾಗಿ ಕಲಿಸುವ ರೂಢಿಯನ್ನು ಬದಲಿಸಿ, ತಾನು ಬರೆದ ಚೌಕಟ್ಟಿನ ಅತ್ಯಂತ ಇಕ್ಕಟ್ಟಾದ ಒಂದು ಮೂಲೆಯನ್ನಾದರೂ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಕೈಯಿಂದ ಬೆಸೆದು, ಕೊಯ್ದು, ಒಳಗನ್ನು ಪರೀಕ್ಷಿಸಿ ನೋಡಬೇಕೆಂಬ ನಿಯಮವನ್ನು ತಂದರೆ, ಮುಂದೆ ಅವನು ಬರೆಯುವ ಪ್ರತಿಯೊಂದು ಗೆರೆಯೂ ಬೆಸೆಯುವವನ ಕೈಯನ್ನು ನೆನೆದೇ ಸಾಗುತ್ತದೆ.